ಮಾಸು ಬಿದ್ದ ಮೇಲಿನ ಗಳಿಗೆ: ನಮ್ಮ ಜಿಲ್ಲೆಯ ತಾಯಂದಿರು ವೈದ್ಯಲೋಕಕ್ಕೆ ಕಲಿಸಿದ ಪಾಠ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವನ ಸಂತಾನೋತ್ಪತ್ತಿಯ ಪಾಠವನ್ನು ನಾವೆಲ್ಲ ಓದುತ್ತೇವೆ. ಹೆರಿಗೆಯ ವೇಳೆ ತಾಯಿಯ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಹಾರ್ಮೋನು ಬಿಡುಗಡೆಯಾಗುತ್ತದೆ, ಗರ್ಭಕೋಶ ಮತ್ತೆ ಮತ್ತೆ ಬಲವಾಗಿ ಸಂಕುಚಿಸುತ್ತದೆ, ಮಗು ಹೊರಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಜರಾಯು ಅಂದರೆ ಮಾಸು ಬೀಳುತ್ತದೆ. ಪರೀಕ್ಷೆಗೆ ಬೇಕಾದ ಉತ್ತರ ಅಲ್ಲಿಗೆ ಮುಗಿಯಿತು. ಐದು ಅಂಕ ಬಂತು.

ಆದರೆ ತಾಯಿಯ ಪಾಲಿಗೆ ಅತ್ಯಂತ ಅಪಾಯದ ಗಳಿಗೆ ಶುರುವಾಗುವುದು ಅಲ್ಲಿಂದಲೇ. ಮನೆಯಲ್ಲಿ ದಾದಿ, ನಾನಿ, ಅಜ್ಜಿಯರಿದ್ದರೆ ಒಮ್ಮೆ ಕೇಳಿ ನೋಡಿ. ಮಗು ಚೆನ್ನಾಗಿಯೇ ಹುಟ್ಟಿತು, ಮನೆಯವರೆಲ್ಲ ಖುಷಿಯಲ್ಲಿದ್ದರು, ಆದರೆ ರಕ್ತ ನಿಲ್ಲಲಿಲ್ಲ, ಗಾಡಿ ಕಟ್ಟುವಷ್ಟರಲ್ಲಿ ಬಾಣಂತಿ ತೀರಿಹೋದಳು ಎನ್ನುವ ಕತೆ ಹಳ್ಳಿಗೊಂದಾದರೂ ಸಿಗುತ್ತದೆ.

ಈ ಸಾವನ್ನು ತಡೆಯಲು ಒಂದು ಸಣ್ಣ ಗುಳಿಗೆ ಸಾಕೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಾವು ಇದೇ ಜಿಲ್ಲೆಯವರು. ಆದರೂ ಈ ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಔಷಧಿ ರೋಗಿಯ ಮೇಲೆ ನಿಜವಾಗಿ ಏನು ಮಾಡುತ್ತದೆ ಎಂದು ತಿಳಿಯುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇನ್ನೊಂದಿಲ್ಲ.

ರಕ್ತ ಏಕೆ ನಿಲ್ಲುವುದಿಲ್ಲ?

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗುವಿಗೆ ಆಮ್ಲಜನಕ ಮತ್ತು ಆಹಾರ ಮುಟ್ಟಿಸಲು ಅಷ್ಟು ಹರಿವು ಬೇಕು. ಮಾಸು ಗರ್ಭಕೋಶದ ಗೋಡೆಯಿಂದ ಬಿಡಿಸಿಕೊಂಡಾಗ ಅಲ್ಲಿದ್ದ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತದೆ. ಒಡೆದ ನಲ್ಲಿಯಂತೆ ರಕ್ತ ಸುರಿಯಬೇಕಿತ್ತು. ಹಾಗಾಗದಂತೆ ದೇವರು ಒಂದು ಏರ್ಪಾಡು ಇಟ್ಟಿದ್ದಾನೆ. ಗರ್ಭಕೋಶದ ಸ್ನಾಯುವಿನ ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿವೆ, ರಕ್ತನಾಳಗಳು ಆ ಎಳೆಗಳ ನಡುವೆ ಹಾದು ಬರುತ್ತವೆ. ಹೆರಿಗೆಯಾದ ಕೂಡಲೇ ಸ್ನಾಯು ಬಿಗಿಯಾಗಿ ಸಂಕುಚಿಸಿದರೆ, ಹಗ್ಗದಿಂದ ಚೀಲದ ಬಾಯಿ ಬಿಗಿದಂತೆ, ಎಲ್ಲ ರಕ್ತನಾಳಗಳೂ ಒಟ್ಟಿಗೆ ಮುಚ್ಚಿಹೋಗುತ್ತವೆ.

ಕೆಲವೊಮ್ಮೆ ಗರ್ಭಕೋಶ ಸೋತು ಸಡಿಲವಾಗಿಯೇ ಉಳಿಯುತ್ತದೆ. ಆಗ ರಕ್ತ ಹೋಗುತ್ತಲೇ ಇರುತ್ತದೆ. 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಹೆರಿಗೆಯ ನಂತರದ ರಕ್ತಸ್ರಾವ ಎನ್ನುತ್ತಾರೆ. 1000 ಮಿಲಿಲೀಟರ್ ದಾಟಿದರೆ ತೀವ್ರ ರಕ್ತಸ್ರಾವ. ಮೊದಲೇ ರಕ್ತಹೀನತೆ ಇರುವ ಹೆಣ್ಣುಮಗಳಿಗೆ ಇದಕ್ಕಿಂತ ಕಡಿಮೆ ಹೋದರೂ ಜೀವಕ್ಕೆ ಕುತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಅಂದರೆ ರೋಗ ಒಂದೇ ಇದ್ದರೂ ಅದು ಎಲ್ಲ ರೋಗಿಗಳ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ.

ಮದ್ದು ಇತ್ತು, ತಲುಪುತ್ತಿರಲಿಲ್ಲ

ಇದಕ್ಕೆ ಔಷಧಿ ಮೊದಲಿನಿಂದಲೂ ಇತ್ತು. ನಾವು ಪಾಠದಲ್ಲಿ ಓದುವ ಅದೇ ಆಕ್ಸಿಟೋಸಿನ್ನನ್ನು ಚುಚ್ಚುಮದ್ದಾಗಿ ಕೊಟ್ಟರೆ ಗರ್ಭಕೋಶ ಬಿಗಿಯುತ್ತದೆ. ದೊಡ್ಡ ದವಾಖಾನೆಗಳಲ್ಲಿ ಕೊಡುತ್ತಲೇ ಇದ್ದರು. ಆದರೆ ಆಕ್ಸಿಟೋಸಿನ್ ಬಿಸಿಗೆ ಕೆಡುತ್ತದೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಸಿರಿಂಜ್ ಬೇಕು, ಚುಚ್ಚಲು ಕಲಿತವರು ಬೇಕು. ಏಪ್ರಿಲ್ ತಿಂಗಳ ಅಥಣಿಯ ಬಿಸಿಲನ್ನೂ ಆಗಿನ ಕಾಲದ ಕರೆಂಟನ್ನೂ ನೆನೆಸಿಕೊಂಡರೆ, ಹೊಲದ ನಡುವಿನ ವಸತಿಯಲ್ಲಿ ರಾತ್ರಿ ಹೆರಿಗೆಯಾದವಳಿಗೆ ಆ ಚುಚ್ಚುಮದ್ದು ಸಿಗುವುದು ಎಷ್ಟು ಕಷ್ಟವಿತ್ತು ಎಂದು ತಿಳಿಯುತ್ತದೆ.

ಇನ್ನು ದಾರಿಯ ಮಾತು. ಇಂದಿಗೂ ಕಾಗವಾಡ, ಅಥಣಿ, ರಾಯಬಾಗ ಕಡೆಯವರು ದೊಡ್ಡ ಕಾಯಿಲೆ ಎಂದರೆ ಮಿರಜ್ ಕಡೆ ಓಡುತ್ತಾರೆ, ನಿಪ್ಪಾಣಿಯವರು ಕೊಲ್ಲಾಪುರಕ್ಕೆ, ಚಿಕ್ಕೋಡಿಯವರು ಬೆಳಗಾವಿಗೆ. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು. ನಿಮಿಷಗಳ ಲೆಕ್ಕದಲ್ಲಿ ರಕ್ತ ಹೋಗುತ್ತಿರುವಾಗ ತಾಸುಗಳ ದಾರಿ ಏನು ಉಪಯೋಗ?

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಈ ಕಷ್ಟವನ್ನು ಹತ್ತಿರದಿಂದ ಕಂಡವರು. ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ, ಡಾ. ಮೃತ್ಯುಂಜಯ ಬೆಲ್ಲದ ಮೊದಲಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮತ್ತು ಅವರ ಸಂಗಡಿಗರ ಜೊತೆ ಸೇರಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯ ಮೇಲೆ ಕಣ್ಣಿಟ್ಟರು.

ಮಿಸೊಪ್ರೊಸ್ಟಾಲ್ ಮೊದಲು ಬಂದದ್ದು ಹೊಟ್ಟೆ ಹುಣ್ಣಿನ ಔಷಧಿಯಾಗಿ. ನಮ್ಮ ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳಿವೆ. ಅವು ಜಠರದಲ್ಲಿ ಆಮ್ಲವನ್ನು ಕಡಿಮೆ ಮಾಡಿ ಒಳಪದರವನ್ನು ಕಾಯುತ್ತವೆ, ಗರ್ಭಕೋಶದಲ್ಲಿ ಸ್ನಾಯುವನ್ನು ಸಂಕುಚಿಸುತ್ತವೆ, ಮೆದುಳಿನ ಹೈಪೊಥಲಾಮಸ್‌ನಲ್ಲಿ ಮೈಬಿಸಿ ಏರಿಸುತ್ತವೆ. ಮಿಸೊಪ್ರೊಸ್ಟಾಲ್ ಅದೇ ಜಾತಿಯ, ಪ್ರಯೋಗಾಲಯದಲ್ಲಿ ತಯಾರಾದ ವಸ್ತು. ಹಾಗಾಗಿ ಒಂದೇ ಗುಳಿಗೆ ಹೊಟ್ಟೆಗೂ ಹತ್ತುತ್ತದೆ, ಗರ್ಭಕೋಶಕ್ಕೂ ಹತ್ತುತ್ತದೆ, ಚಳಿ ಜ್ವರವನ್ನೂ ತರುತ್ತದೆ. ಔಷಧಿಗೆ ತಾನು ಯಾವ ಕೆಲಸಕ್ಕೆ ಬಂದಿದ್ದೇನೆ ಎಂದು ಗೊತ್ತಿರುವುದಿಲ್ಲ. ತನಗೆ ಹೊಂದುವ ಗ್ರಾಹಕ ಎಲ್ಲಿದೆಯೋ ಅಲ್ಲೆಲ್ಲ ಹೋಗಿ ಕೂರುತ್ತದೆ. ಒಳ್ಳೆಯ ಪರಿಣಾಮ, ಅಡ್ಡ ಪರಿಣಾಮ ಎಂಬುದು ನಾವು ಕೊಟ್ಟ ಹೆಸರು.

ಈ ಗುಳಿಗೆ ಅಗ್ಗ, ಫ್ರಿಜ್ ಬೇಡ, ನೀರಿನ ಜೊತೆ ನುಂಗಿದರೆ ಆಯಿತು. ಹಾಗಾದರೆ ಸುಮ್ಮನೆ ಎಲ್ಲರಿಗೂ ಕೊಟ್ಟುಬಿಡಬಹುದಿತ್ತಲ್ಲ? ಪ್ರಯೋಗ ಏಕೆ ಬೇಕಿತ್ತು?

ಕೊಟ್ಟು ನೋಡಿದರೆ ಸಾಲದು

ನಮಗೆ ನೆಗಡಿ ಬರುತ್ತದೆ. ಅಂಗಡಿಯಿಂದ ಗುಳಿಗೆ ತಂದು ನುಂಗುತ್ತೇವೆ, ನಾಲ್ಕು ದಿನದಲ್ಲಿ ಕಡಿಮೆಯಾಗುತ್ತದೆ. ಗುಳಿಗೆಯಿಂದ ಕಡಿಮೆಯಾಯಿತು ಎನ್ನುತ್ತೇವೆ. ಗುಳಿಗೆ ನುಂಗದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾವು ನೋಡಿಯೇ ಇಲ್ಲ. ಹೆರಿಗೆಯಲ್ಲೂ ಹಾಗೆಯೇ. ಹೆಚ್ಚಿನ ತಾಯಂದಿರಿಗೆ ಯಾವ ಔಷಧಿಯೂ ಇಲ್ಲದೆ ರಕ್ತ ತಾನಾಗಿ ನಿಲ್ಲುತ್ತದೆ. ಎಲ್ಲರಿಗೂ ಗುಳಿಗೆ ಕೊಟ್ಟು, ಎಷ್ಟೋ ಜನ ಬದುಕಿದರು ಎಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಈ ತಿಳಿವಳಿಕೆ ಹೊಸದಲ್ಲ. ಸುಮಾರು 1100 ವರ್ಷಗಳ ಹಿಂದೆ ರಯ್ ಮತ್ತು ಬಗ್ದಾದಿನಲ್ಲಿ ವೈದ್ಯರಾಗಿದ್ದ ಅಬೂಬಕ್ರ್ ಅಲ್ ರಾಝಿ, ಮೆದುಳಿನ ಪೊರೆಯ ಉರಿಯೂತದ ಲಕ್ಷಣಗಳಿದ್ದ ಒಂದು ಗುಂಪಿನ ರೋಗಿಗಳಿಗೆ ರಕ್ತ ತೆಗೆಯುವ ಚಿಕಿತ್ಸೆ ಕೊಟ್ಟು, ಇನ್ನೊಂದು ಗುಂಪಿಗೆ ಬೇಕೆಂದೇ ಕೊಡದೆ ಹೋಲಿಸಿ ನೋಡಿದ್ದನ್ನು ಬರೆದಿಟ್ಟಿದ್ದಾರೆ. ಇಬ್ನ್ ಸೀನಾ (980–1037) ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಔಷಧಿಯನ್ನು ಪರೀಕ್ಷಿಸಲು ನಿಯಮಗಳನ್ನೇ ಕೊಟ್ಟರು: ಪರಿಣಾಮ ಮತ್ತೆ ಮತ್ತೆ ಕಾಣಬೇಕು, ಒಮ್ಮೆ ಕಂಡರೆ ಅದು ಆಕಸ್ಮಿಕ ಇರಬಹುದು, ಪ್ರಾಣಿಯ ಮೇಲೆ ಕಂಡದ್ದು ಮನುಷ್ಯನ ಮೇಲೂ ಹಾಗೆಯೇ ಇರುತ್ತದೆ ಎಂದುಕೊಳ್ಳಬಾರದು. 1747ರಲ್ಲಿ ಬ್ರಿಟಿಷ್ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ ರೋಗದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಪದಾರ್ಥ ಕೊಟ್ಟರು. ಕಿತ್ತಳೆ ಮತ್ತು ನಿಂಬೆ ತಿಂದವರು ಎಲ್ಲರಿಗಿಂತ ಬೇಗ ಗುಣವಾದರು.

ಆದರೆ ಒಂದು ಮಾತು ಗಮನಿಸಬೇಕು. ರಾಝಿಯವರು ಹೋಲಿಕೆ ಮಾಡಿಯೂ, ರಕ್ತ ತೆಗೆಯುವುದರಿಂದ ಗುಣವಾಗುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಇಂದು ಆ ಚಿಕಿತ್ಸೆಯನ್ನು ಯಾರೂ ಒಪ್ಪುವುದಿಲ್ಲ. ಅಷ್ಟು ದೊಡ್ಡ ಹಕೀಮರಿಗೇ ಹೀಗಾಗಬಹುದು ಎಂದರೆ ಹೋಲಿಕೆಯೊಂದೇ ಸಾಲದು ಎಂದಾಯಿತು. ಯಾರನ್ನು ಯಾವ ಗುಂಪಿಗೆ ಹಾಕಬೇಕು ಎಂದು ವೈದ್ಯನೇ ಆರಿಸಿದರೆ, ಗೊತ್ತಿಲ್ಲದೆಯೇ ಗಟ್ಟಿಮುಟ್ಟಾದವರು ಒಂದು ಕಡೆ, ಸೊರಗಿದವರು ಇನ್ನೊಂದು ಕಡೆ ಸೇರಬಹುದು. ಅದಕ್ಕಾಗಿ ಆಯ್ಕೆಯನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡಬೇಕು. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧಿಯ ಪ್ರಯೋಗ ಪ್ರಕಟವಾದ ಮೇಲೆ ಈ ಪದ್ಧತಿ ಜಗತ್ತಿನಲ್ಲೆಲ್ಲ ನೆಲೆಯೂರಿತು.

1620 ತಾಯಂದಿರು, 25 ನರ್ಸ್‌ಗಳು

ಬೆಳಗಾವಿ ಜಿಲ್ಲೆಯ ಪ್ರಯೋಗ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ನಡೆಯಿತು. ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳನ್ನು ಆರಿಸಿದ್ದರು. ಮನೆಯಲ್ಲಿ ಅಥವಾ ಹಳ್ಳಿಯ ಉಪಕೇಂದ್ರದಲ್ಲಿ ಹೆರಿಗೆಯಾದ 1620 ತಾಯಂದಿರು ಇದರಲ್ಲಿ ಪಾಲ್ಗೊಂಡರು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತ ಅಳೆದವರು ದೊಡ್ಡ ಡಾಕ್ಟರರಲ್ಲ, ನಮ್ಮ ಊರುಗಳಲ್ಲಿ ಮನೆಮನೆ ತಿರುಗುವ 25 ಎಎನ್‌ಎಂ ನರ್ಸ್‌ಗಳು.

812 ತಾಯಂದಿರಿಗೆ ಮಗು ಹುಟ್ಟಿದ ಕೂಡಲೇ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಕೊಟ್ಟರು. 808 ತಾಯಂದಿರಿಗೆ ನೋಡಲು ಅದರಂತೆಯೇ ಇರುವ, ಆದರೆ ಔಷಧಿ ಇಲ್ಲದ ಗುಳಿಗೆ ಕೊಟ್ಟರು. ಇದಕ್ಕೆ ಪ್ಲಾಸಿಬೊ ಎಂದು ಹೆಸರು. ಹುಸಿ ಗುಳಿಗೆ ಎನ್ನಬಹುದು. ಯಾರಿಗೆ ಯಾವುದು ಎಂಬುದು ತಾಯಿಗೂ ಗೊತ್ತಿರಲಿಲ್ಲ, ನರ್ಸ್‌ಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ, ಇವಳಿಗೆ ನಿಜವಾದ ಗುಳಿಗೆ ಕೊಟ್ಟಿದ್ದೇನೆ ಎಂಬ ಭರವಸೆಯಲ್ಲಿ ಆಕೆ ರಕ್ತದ ಲೆಕ್ಕವನ್ನು ತನಗರಿವಿಲ್ಲದೆ ಕಡಿಮೆ ಬರೆಯಬಹುದು.

ಲೆಕ್ಕ ಎಂದರೆ ಇಲ್ಲಿ ಇನ್ನೊಂದು ತೊಡಕಿತ್ತು. ಹೋದ ರಕ್ತ ಎಷ್ಟು ಎಂದು ಅಳೆಯುವುದು ಹೇಗೆ? ಬಟ್ಟೆಯಲ್ಲಿ ಇಂಗಿದ್ದು, ನೆಲದ ಮೇಲೆ ಹರಿದದ್ದು, ಇದನ್ನೆಲ್ಲ ಕಣ್ಣಳತೆಯಲ್ಲಿ ಹೇಳುವುದು ರೂಢಿ. ಅದಕ್ಕಾಗಿ ಪ್ಲಾಸ್ಟಿಕ್ಕಿನ ಒಂದು ಹಾಸು ತಯಾರಿಸಿದರು. ತಾಯಿಯ ಕೆಳಗೆ ಹಾಸಿದರೆ ರಕ್ತ ಅದರ ತುದಿಯ ಚೀಲದಲ್ಲಿ ಸೇರುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳಿವೆ. ಇದೇ ತಂಡ ಬೆಳಗಾವಿಯಲ್ಲಿ ಎರಡೂ ವಿಧಾನಗಳನ್ನು ಹೋಲಿಸಿದಾಗ, ಕಣ್ಣಳತೆಯಲ್ಲಿ ಹೇಳಿದ ಪ್ರಮಾಣ ಚೀಲದ ಅಳತೆಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು. ಅನುಭವಿಗಳ ಕಣ್ಣು ಕೂಡ ಮೋಸ ಹೋಗುತ್ತದೆ. ಇಲ್ಲಿ ಕಣ್ಣು ಮೋಸ ಹೋದರೆ ತಾಯಿಯನ್ನು ದವಾಖಾನೆಗೆ ಕಳಿಸುವುದು ತಡವಾಗುತ್ತದೆ.

ಲೆಕ್ಕ ಏನು ಹೇಳಿತು?

ಪ್ರಯೋಗದ ಫಲಿತಾಂಶ 2006ರ ಅಕ್ಟೋಬರಿನಲ್ಲಿ ಲಂಡನ್ನಿನ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಸಿ ಗುಳಿಗೆ ಪಡೆದವರಲ್ಲಿ ಶೇ. 12 ತಾಯಂದಿರಿಗೆ ರಕ್ತಸ್ರಾವ ಆಗಿತ್ತು. ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇ. 6.4. ತೀವ್ರ ರಕ್ತಸ್ರಾವ ಶೇ. 1.2ರಿಂದ ಶೇ. 0.2ಕ್ಕೆ ಇಳಿದಿತ್ತು. ಸರಾಸರಿ ಹೋದ ರಕ್ತ 262 ಮಿಲಿಲೀಟರಿನಿಂದ 214ಕ್ಕೆ ಇಳಿದಿತ್ತು.

ಗಣಿತದ ಗೆಳೆಯರು ಇದನ್ನು ಹೀಗೂ ನೋಡಬಹುದು. 12ರಲ್ಲಿ 6.4 ಕಳೆದರೆ 5.6. ನೂರು ತಾಯಂದಿರಿಗೆ ಗುಳಿಗೆ ಕೊಟ್ಟರೆ 5.6 ಜನರ ರಕ್ತಸ್ರಾವ ತಪ್ಪುತ್ತದೆ. 100ನ್ನು 5.6ರಿಂದ ಭಾಗಿಸಿದರೆ ಸುಮಾರು 18. ಅಂದರೆ 18 ಜನರಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. ಉಳಿದ 17 ಜನರಲ್ಲಿ ಹೆಚ್ಚಿನವರಿಗೆ ಗುಳಿಗೆ ಇಲ್ಲದೆಯೂ ಏನೂ ಆಗುತ್ತಿರಲಿಲ್ಲ. ಆದರೆ ಆ ಒಬ್ಬಳು ಯಾರು ಎಂದು ಮೊದಲೇ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲರಿಗೂ ಕೊಡಬೇಕಾಗುತ್ತದೆ. ಪ್ರತಿಯಾಗಿ, ಗುಳಿಗೆ ಪಡೆದವರಲ್ಲಿ ಚಳಿ ನಡುಕ ಮತ್ತು ಜ್ವರ ಹೆಚ್ಚು ಕಂಡುಬಂತು; ಸ್ವಲ್ಪ ಹೊತ್ತಿನಲ್ಲಿ ಇಳಿಯಿತು. ಇದು ತೂಗಿ ನೋಡಬೇಕಾದ ವ್ಯಾಪಾರ: ಹಲವರಿಗೆ ಒಂದೆರಡು ತಾಸಿನ ಚಳಿ ಜ್ವರ, ಒಬ್ಬಳಿಗೆ ಜೀವ.

ಫಲಿತಾಂಶದಲ್ಲಿ ಇನ್ನೊಂದು ಸಂಗತಿ ಇದೆ. ಪ್ರಯೋಗ ಮುಂದುವರಿದಂತೆ ರಕ್ತಸ್ರಾವದ ಪ್ರಮಾಣ ಎರಡೂ ಗುಂಪುಗಳಲ್ಲಿ ಇಳಿಯುತ್ತಾ ಬಂತು, ಹುಸಿ ಗುಳಿಗೆಯ ಗುಂಪಿನಲ್ಲಿ ಕೂಡ. ಗುಳಿಗೆ ಕೊಡುವ ಮೊದಲಿನ ವರ್ಷಕ್ಕೂ ಕೊಟ್ಟ ಮೇಲಿನ ವರ್ಷಕ್ಕೂ ಹೋಲಿಸಿದ್ದರೆ ಆ ಇಳಿಕೆಯನ್ನೆಲ್ಲ ಗುಳಿಗೆಯ ಖಾತೆಗೆ ಬರೆದುಬಿಡುತ್ತಿದ್ದರು. ಜೊತೆಯಲ್ಲೇ ಇನ್ನೊಂದು ಗುಂಪು ಇದ್ದುದರಿಂದ ಗುಳಿಗೆಯ ಪಾಲು ಎಷ್ಟೋ ಅಷ್ಟೇ ಬೇರೆಯಾಗಿ ಕಂಡಿತು.

ಈ ಪ್ರಯೋಗ ಮತ್ತು ಇಂಥ ಇತರ ಅಧ್ಯಯನಗಳನ್ನು ನೋಡಿದ ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ಸಿಗದ ಕಡೆ ರಕ್ತಸ್ರಾವ ತಡೆಯಲು ಬಳಸುವಂತೆ ಮಿಸೊಪ್ರೊಸ್ಟಾಲನ್ನು 2011ರಲ್ಲಿ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ಜಿಲ್ಲೆಯ ಹಳ್ಳಿಯ ಚೀಲದಲ್ಲಿ ಅಳೆದ ರಕ್ತದ ಲೆಕ್ಕ ಹೀಗೆ ಬೇರೆ ದೇಶಗಳ ಹೆರಿಗೆ ಮನೆಗಳನ್ನೂ ಮುಟ್ಟಿತು.

ಹುಸಿ ಗುಳಿಗೆ ಕೊಟ್ಟದ್ದು ನ್ಯಾಯವೇ?

ಇದನ್ನು ಓದುವಾಗ ಮನಸ್ಸಿಗೆ ಚುಚ್ಚುವ ಪ್ರಶ್ನೆ ಇದು. ಔಷಧಿ ಕೈಯಲ್ಲಿ ಇಟ್ಟುಕೊಂಡು 808 ತಾಯಂದಿರಿಗೆ ಹುಸಿ ಗುಳಿಗೆ ಕೊಟ್ಟರಲ್ಲ, ಅವರ ರಕ್ತಕ್ಕೆ ಬೆಲೆ ಇಲ್ಲವೇ?

ಸಂಶೋಧಕರ ಉತ್ತರ ಹೀಗಿದೆ. ಆಗ ಹಳ್ಳಿಯ ಇಂಥ ಹೆರಿಗೆಗಳಲ್ಲಿ ರಕ್ತಸ್ರಾವ ತಡೆಯಲು ಮುಂಚಿತವಾಗಿ ಔಷಧಿ ಕೊಡುವ ರೂಢಿ ಇರಲಿಲ್ಲ. ಆದ್ದರಿಂದ ಯಾರಿಗೂ ಸಿಗುತ್ತಿದ್ದ ಚಿಕಿತ್ಸೆಯನ್ನು ಕಸಿದುಕೊಂಡಂತಾಗಲಿಲ್ಲ. ಈ ಗುಳಿಗೆ ಹಳ್ಳಿಯಲ್ಲಿ ಕೆಲಸ ಮಾಡುತ್ತದೆ ಎಂಬುದೂ ಆಗ ನಿಶ್ಚಯವಾಗಿರಲಿಲ್ಲ. ಈ ಉತ್ತರವನ್ನು ಒಪ್ಪುವವರೂ ಇದ್ದಾರೆ, ಪ್ರಶ್ನಿಸುವವರೂ ಇದ್ದಾರೆ. ಪ್ರಶ್ನಿಸುವುದು ತಪ್ಪಲ್ಲ. ಬಡವರ ಊರಿನಲ್ಲಿ ಚಿಕಿತ್ಸೆ ಇಲ್ಲ ಎಂಬುದೇ ಅಲ್ಲಿ ಪ್ರಯೋಗ ಮಾಡಲು ಕಾರಣವಾಗಬಾರದು. ಮಾಡಿದರೆ ಅದರ ಫಲ ಮೊದಲು ಆ ಊರಿಗೇ ಸಿಗಬೇಕು.

ಇದಕ್ಕಾಗಿಯೇ ನಿಯಮಗಳಿವೆ. 1964ರ ಹೆಲ್ಸಿಂಕಿ ಘೋಷಣೆಯಿಂದ ಹಿಡಿದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳವರೆಗೆ ಎಲ್ಲದರ ತಿರುಳು ಒಂದೇ. ಪ್ರಯೋಗಕ್ಕೆ ಮೊದಲು ನೈತಿಕ ಸಮಿತಿ ಒಪ್ಪಬೇಕು. ರೋಗಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ಹೇಳಿ ಒಪ್ಪಿಗೆ ಪಡೆಯಬೇಕು. ನಮ್ಮ ಗಡಿ ತಾಲ್ಲೂಕುಗಳಲ್ಲಿ ಒಂದು ಓಣಿಯಲ್ಲಿ ಕನ್ನಡ, ಪಕ್ಕದ ಓಣಿಯಲ್ಲಿ ಮರಾಠಿ, ಮುಂದಿನ ಓಣಿಯಲ್ಲಿ ಉರ್ದು. ಓದಲು ಬಾರದವರಿಗೆ ಸಾಕ್ಷಿಯ ಮುಂದೆ ಓದಿ ಹೇಳಬೇಕು. ಬೇಡ ಎಂದರೆ ಯಾರೂ ಒತ್ತಾಯ ಮಾಡುವಂತಿಲ್ಲ. ನಡುವೆ ಬಿಟ್ಟು ಹೋದರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಭಾರತದಲ್ಲಿ ನಡೆಯುವ ಪ್ರಯೋಗಗಳನ್ನು ಮೊದಲೇ ನೋಂದಾಯಿಸುವುದು 2009ರಿಂದ ಕಡ್ಡಾಯವಾಗಿದೆ. ಫಲ ಚೆನ್ನಾಗಿ ಬಂದರೆ ಹೇಳುವುದು, ಕೆಟ್ಟರೆ ಮುಚ್ಚಿಡುವುದು ನಡೆಯಬಾರದು ಎಂಬುದು ಇದರ ಉದ್ದೇಶ.

ಕೆಟ್ಟ ಫಲವನ್ನು ಮುಚ್ಚಿಡದೆ ಹೇಳಿದ್ದರಿಂದ ಏನು ಲಾಭವಾಯಿತು ಎಂಬುದಕ್ಕೂ ಬೆಳಗಾವಿಯೇ ಸಾಕ್ಷಿ.

ಒಳ್ಳೆಯ ಔಷಧಿ, ಎರಡು ಫಲ

ದಿನ ತುಂಬುವ ಮೊದಲೇ ಹುಟ್ಟುವ ಮಗುವಿನ ಶ್ವಾಸಕೋಶ ಬಲಿತಿರುವುದಿಲ್ಲ. ಇಂಥ ಹೆರಿಗೆ ಆಗುವ ಸೂಚನೆ ಕಂಡಾಗ ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ತೋರಿಸಿದ್ದರು. ಶ್ರೀಮಂತ ದೇಶಗಳ ದವಾಖಾನೆಗಳಲ್ಲಿ ಇದರಿಂದ ಸಾವಿರಾರು ಮಕ್ಕಳು ಬದುಕಿದರು. ಇದನ್ನು ನಮ್ಮಂಥ ಹಳ್ಳಿಗಳಿಗೂ ತಲುಪಿಸಿದರೆ ಒಳ್ಳೆಯದಾಗುವುದರಲ್ಲಿ ಅನುಮಾನವೇ ಇಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು.

2011ರಿಂದ 2014ರವರೆಗೆ ಆರು ದೇಶಗಳಲ್ಲಿ, ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ ಭಾಗಗಳಲ್ಲಿ, ಸುಮಾರು ಒಂದು ಲಕ್ಷ ಹೆರಿಗೆಗಳನ್ನು ಒಳಗೊಂಡ ಪ್ರಯೋಗ ನಡೆಯಿತು. ಕೆಲವು ಊರುಗುಂಪುಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಬಳಸುವಂತೆ ಮಾಡಿದರು, ಉಳಿದ ಕಡೆ ಎಂದಿನಂತೆ ಬಿಟ್ಟರು. ಬಂದ ಫಲ ಎಲ್ಲರನ್ನೂ ಬೆಚ್ಚಿಬೀಳಿಸಿತು. ತೀರ ಚಿಕ್ಕ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಎಲ್ಲ ಮಕ್ಕಳನ್ನೂ ಸೇರಿಸಿ ನೋಡಿದರೆ 28 ದಿನದೊಳಗಿನ ಸಾವು ಸಾವಿರಕ್ಕೆ 23.9 ಇದ್ದದ್ದು, ಸ್ಟೆರಾಯ್ಡ್ ಬಳಕೆಗೆ ತಂದ ಊರುಗಳಲ್ಲಿ 27.4 ಇತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಸಂಶೋಧಕರು ಇದನ್ನು ಇದ್ದದ್ದು ಇದ್ದಂತೆ ಪ್ರಕಟಿಸಿದರು.

ಔಷಧಿ ಕೆಟ್ಟದ್ದೇ ಹಾಗಾದರೆ? ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಪ್ರಯೋಗ ಏರ್ಪಡಿಸಿತು. ಈ ಸಲ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೆನ್ಯಾ, ನೈಜೀರಿಯಾಗಳ 29 ದವಾಖಾನೆಗಳಲ್ಲಿ 2852 ತಾಯಂದಿರು. ಬೆಳಗಾವಿಯ ತಂಡ ಇದರಲ್ಲೂ ಇತ್ತು. ಅಲ್ಟ್ರಾಸೌಂಡ್ ಮಾಡಿ ಎಷ್ಟು ವಾರದ ಗರ್ಭ ಎಂದು ಖಚಿತ ಮಾಡಿಕೊಂಡರು, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇದ್ದ ಕಡೆ ಮಾತ್ರ ಚುಚ್ಚುಮದ್ದು ಕೊಟ್ಟರು. ಹುಸಿ ಚುಚ್ಚುಮದ್ದು ಪಡೆದವರ ಮಕ್ಕಳಲ್ಲಿ ಶೇ. 23.5 ತೀರಿಕೊಂಡರೆ, ಡೆಕ್ಸಾಮೆಥಸೋನ್ ಪಡೆದವರ ಮಕ್ಕಳಲ್ಲಿ ಶೇ. 19.6. ಲಾಭ ಸ್ಪಷ್ಟವಾಗಿ ಕಂಡದ್ದರಿಂದ, ಲೆಕ್ಕ ನೋಡುತ್ತಿದ್ದ ಸ್ವತಂತ್ರ ಸಮಿತಿಯ ಸಲಹೆಯಂತೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2020ರಲ್ಲಿ ಇದು ಪ್ರಕಟವಾಯಿತು.

ಅದೇ ಔಷಧಿ. ಗರ್ಭಕ್ಕೆ ಎಷ್ಟು ವಾರ ಎಂದು ಸರಿಯಾಗಿ ತಿಳಿಯದ, ಹುಟ್ಟಿದ ಮೇಲೆ ಆರೈಕೆ ಸಿಗದ ಕಡೆ ಹಾನಿಯ ಗುರುತು. ಎಲ್ಲ ಏರ್ಪಾಡಿದ್ದ ಕಡೆ ಜೀವದಾನ. ಕೋವಿಡ್ ಕಾಲದಲ್ಲೂ ಇದೇ ಡೆಕ್ಸಾಮೆಥಸೋನ್ ಇದೇ ಮಾತನ್ನು ಹೇಳಿತು. ಬ್ರಿಟನ್ನಿನ 2020ರ ದೊಡ್ಡ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದ ರೋಗಿಗಳ ಸಾವು ಇದರಿಂದ ಕಡಿಮೆಯಾಯಿತು. ಆಮ್ಲಜನಕದ ಅಗತ್ಯವೇ ಇಲ್ಲದ ರೋಗಿಗಳಿಗೆ ಲಾಭವಾಗಲಿಲ್ಲ. ಆದರೂ ಎಷ್ಟೋ ಕಡೆ ಕೆಮ್ಮು ಬಂದ ಕೂಡಲೇ ಸ್ಟೆರಾಯ್ಡ್ ನುಂಗಿದರು. 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಹರಡಲು ಸಕ್ಕರೆ ಕಾಯಿಲೆಯ ಜೊತೆ ಈ ದುರ್ಬಳಕೆಯೂ ಕಾರಣವಾಯಿತು. ಈ ಔಷಧಿ ಒಳ್ಳೆಯದೇ ಎಂದು ಕೇಳಿದರೆ ಅದು ಅರ್ಧ ಪ್ರಶ್ನೆ. ಯಾರಿಗೆ, ಯಾವಾಗ, ಎಲ್ಲಿ ಎಂಬುದು ಸೇರಿದರೆ ಪೂರ್ತಿ ಪ್ರಶ್ನೆ.

ನಮಗೇನು ಸಂಬಂಧ?

ಕರ್ನಾಟಕದಲ್ಲಿ 2001–03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಅದು 69ಕ್ಕೆ ಇಳಿದಿದೆ. ಇದು ಒಂದು ಗುಳಿಗೆಯ ಕೆಲಸ ಎಂದು ಹೇಳಿದರೆ, ಇಷ್ಟು ಹೊತ್ತು ಓದಿದ್ದನ್ನು ನಾವೇ ಮರೆತಂತೆ. ದವಾಖಾನೆಯ ಹೆರಿಗೆ ಹೆಚ್ಚಿತು, 2008ರಿಂದ 108 ಗಾಡಿ ಬಂತು, ಆಶಾ ಕಾರ್ಯಕರ್ತೆಯರು ಬಂದರು, ರಸ್ತೆ ಸುಧಾರಿಸಿತು. ಎಲ್ಲವೂ ಸೇರಿ ಆದ ಕೆಲಸ ಇದು. 69 ಎಂಬುದೂ ಸಣ್ಣ ಸಂಖ್ಯೆಯಲ್ಲ. ಅದರಲ್ಲಿ ಒಬ್ಬೊಬ್ಬಳೂ ಒಂದು ಮನೆಯ ಮಗಳು. ಸಂಶೋಧನೆಯೂ ನಿಂತಿಲ್ಲ. ಬಿಸಿಗೆ ಕೆಡದ ಕಾರ್ಬೆಟೋಸಿನ್ ಎಂಬ ಚುಚ್ಚುಮದ್ದು ಆಕ್ಸಿಟೋಸಿನ್ನಿಗೆ ಸರಿಸಾಟಿ ಎಂದು, ಭಾರತವೂ ಸೇರಿ 10 ದೇಶಗಳ 29,645 ತಾಯಂದಿರ ಪ್ರಯೋಗ 2018ರಲ್ಲಿ ತೋರಿಸಿದೆ.

ಒಂದು ಎಚ್ಚರಿಕೆಯ ಮಾತು. ಮಿಸೊಪ್ರೊಸ್ಟಾಲ್ ಅಂಗಡಿಯಿಂದ ತಂದು ನುಂಗುವ ಗುಳಿಗೆ ಅಲ್ಲ. ಗರ್ಭಿಣಿ ವೈದ್ಯರ ಸಲಹೆ ಇಲ್ಲದೆ ಅದನ್ನು ತೆಗೆದುಕೊಂಡರೆ ಗರ್ಭಕ್ಕೂ ತಾಯಿಯ ಜೀವಕ್ಕೂ ಅಪಾಯ. ಹೆರಿಗೆಯ ನಂತರ ಪ್ರಾಣ ಉಳಿಸುವ ಗುಣವೇ ಹೆರಿಗೆಗೆ ಮೊದಲು ಪ್ರಾಣಕ್ಕೆ ಎರವಾಗುತ್ತದೆ.

ನಮ್ಮ ಕಾಲೇಜಿನಿಂದ ಪ್ರತಿವರ್ಷ ಕೆಲವರು ನರ್ಸಿಂಗ್, ಫಾರ್ಮಸಿ, ಬಿಯುಎಂಎಸ್, ಎಂಬಿಬಿಎಸ್ ಎಂದು ಹೋಗುತ್ತಾರೆ. ಉಳಿದವರು ಮನೆಯಲ್ಲಿ ಅಮ್ಮಿಗೋ ಅಬ್ಬಾಗೋ ಗುಳಿಗೆ ತಂದುಕೊಡುವವರಾಗಿಯೇ ಇರುತ್ತಾರೆ. ಮೊಬೈಲಿನಲ್ಲಿ ದಿನಕ್ಕೊಂದು ಮನೆಮದ್ದು, ಪವಾಡದ ಪುಡಿ, ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕಿತ್ತೊಗೆಯುವ ಕಷಾಯ ಬರುತ್ತಲೇ ಇದೆ. ಆಗ ಮೂರು ಪ್ರಶ್ನೆ ಕೇಳಿದರೆ ಸಾಕು. ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೀರಿ? ಎಷ್ಟು ಜನರಲ್ಲಿ ನೋಡಿದ್ದೀರಿ? ಯಾರಿಗೆ ಹಾನಿಯಾಯಿತು ಎಂದೂ ಬರೆದಿಟ್ಟಿದ್ದೀರಾ? ಇಂಗ್ಲಿಷ್ ಔಷಧಿ, ಯುನಾನಿ, ಆಯುರ್ವೇದ ಯಾವುದೇ ಇರಲಿ, ಈ ಪ್ರಶ್ನೆಗಳಿಗೆ ಹೆದರುವ ಔಷಧಿಯನ್ನು ನಂಬಬೇಕಾಗಿಲ್ಲ.

ರೋಗ ಕೊಟ್ಟವನು ಔಷಧಿಯನ್ನೂ ಕೊಟ್ಟಿದ್ದಾನೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅದನ್ನು ಹುಡುಕಿ, ಅಳೆದು, ತೂಗಿ, ಸತ್ಯವಾಗಿ ಬರೆದಿಡುವ ಕೆಲಸ ನಮ್ಮದು. ಅಂದು ಹೆರಿಗೆಯ ನೋವಿನ ನಡುವೆಯೂ ಒಪ್ಪಿ ಪಾಲ್ಗೊಂಡ ಆ 1620 ತಾಯಂದಿರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರಿಗೆ ಹುಟ್ಟಿದ ಮಕ್ಕಳು ಇಂದು ಇಪ್ಪತ್ತು ದಾಟಿದ್ದಾರೆ; ನಮಗಿಂತ ಸ್ವಲ್ಪ ದೊಡ್ಡವರು, ನಮ್ಮ ಅಣ್ಣ ಅಕ್ಕಂದಿರ ವಯಸ್ಸಿನವರು. ಮುಂದಿನ ಸಲ ಪರೀಕ್ಷೆಯಲ್ಲಿ ಆಕ್ಸಿಟೋಸಿನ್ ಬಗ್ಗೆ ಬರೆಯುವಾಗ ಮಾಸು ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನೂ ನೆನಪಿಟ್ಟುಕೊಳ್ಳೋಣ.